ಮಾವನ ಇದ್ದಿಲಿಗೆ ಗಾಳಿ ಆಡಬಾರದು

ನಮ್ಮ ಸೋದರಮಾವನಿಗೆ ಹಾವಿನ ಭಯವಿಲ್ಲ, ದೆವ್ವದ ಭಯವಿಲ್ಲ, ನಮ್ಮ ಅತ್ತೆಯ ಭಯವಂತೂ ಮೊದಲೇ ಇಲ್ಲ. (ಈ ಕೊನೆಯದನ್ನು ಅವರೇ ಹೇಳಿದ್ದು, ಅತ್ತೆ ಮನೆಯಲ್ಲಿ ಇಲ್ಲದಾಗ.) ಅವರು ಈ ಪ್ರಪಂಚದಲ್ಲಿ ಹೆದರುವುದು ಒಂದಕ್ಕೇ. ಅದು ಮುಚ್ಚಳ ಸರಿಯಾಗಿ ಹಾಕದ ಡಬ್ಬಿ! ನಂಬಿಕೆ ಬರಲಿಲ್ಲವೇ? ದೊಡ್ಡಬಳ್ಳಾಪುರದಿಂದ ರಾಜಘಟ್ಟದ ಕಡೆ ಹೋಗುವ ದಾರಿಯಲ್ಲಿ ಅವರ ಮನೆ. ಒಂದು ದಿನ ಬನ್ನಿ. ಸದ್ದು ಮಾಡದೆ ಅಡುಗೆಮನೆಗೆ ನುಗ್ಗಿ ಯಾವುದಾದರೂ ಡಬ್ಬಿಯ ಮುಚ್ಚಳವನ್ನು ಒಂದು ಬೆರಳಿನಷ್ಟು ಸರಿಸಿ ನೋಡಿ. ಮಾವ ಹಿತ್ತಲಲ್ಲಿ ಪಾತಿ ಮಾಡುತ್ತಿರಲಿ, ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿಕೊಂಡಿರಲಿ, "ಯಾರದು? ಗಾಳಿ ಆಡ್ತಾ ಇದೆ!" ಎಂದು ಕೂಗಿಕೊಂಡು ಬಂದೇ ಬರುತ್ತಾರೆ.

ಇದು ಹುಟ್ಟುಗುಣವಲ್ಲ, ನೌಕರಿಯ ಗುಣ. ಮಾವ ದಾಬಸ್‌ಪೇಟೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದವರು. ಅಲ್ಲಿ ಒಳಗೆ ಬಂದ ಪ್ರತಿಯೊಂದು ಸಾಮಾನಿಗೂ ಚೀಟಿ ಅಂಟಿಸಬೇಕು. ಮುಚ್ಚಿದ ದಿನ, ತೆರೆದ ದಿನ, ಎಂದಿನವರೆಗೆ ಬರುತ್ತದೆ, ಹೀಗೆ ಮೂರು ಸಾಲು. ನಿವೃತ್ತಿಯಾದ ದಿನ ಕಾರ್ಖಾನೆಯವರು ಹಾರ ಹಾಕಿ ಶಾಲು ಹೊದಿಸಿ ಕಳಿಸಿಕೊಟ್ಟರು. ಚೀಟಿ ಅಂಟಿಸುವ ಚಟವನ್ನು ಅಲ್ಲೇ ಇಳಿಸಿಕೊಂಡು ಕಳಿಸಬಾರದಿತ್ತೇ? ಈಗ ಅವರ ಮನೆಯ ಹುಣಸೆಹಣ್ಣಿಗೆ ಚೀಟಿ, ಹುರುಳಿಕಾಳಿಗೆ ಚೀಟಿ, ಘಾಟಿ ದೇವಸ್ಥಾನದಿಂದ ತಂದ ತೀರ್ಥದ ಬಾಟಲಿಗೂ ಚೀಟಿ!

"ದೇವ್ರ ತೀರ್ಥಕ್ಕೂ ಎಕ್ಸ್‌ಪೈರಿ ಇರ್ತದಾ?" ಎಂದು ಅತ್ತೆ ಕೇಳಿದರು.

"ದೇವ್ರಿಗಿಲ್ಲ ಕಣೇ, ಬಾಟ್ಲಿಗಿದೆ."

ತ್ಯಾಮಗೊಂಡ್ಲಿನಲ್ಲಿ ಒಂದು ಮದುವೆ ಊಟಕ್ಕೆ ಕೂತಿದ್ದಾಗ ಉಪ್ಪಿನಕಾಯಿ ಬಡಿಸಲು ಬಂದವನ ಕೈಹಿಡಿದು, "ಇದರ ಜಾಡಿ ಯಾವತ್ತು ಬಿಚ್ಚಿದ್ದಪ್ಪಾ?" ಎಂದು ವಿಚಾರಣೆ ಮಾಡಿದರು. ಅವನು ಪಾಪ, ಇವರು ಯಾವುದೋ ಇಲಾಖೆಯ ಆಫೀಸರು ಎಂದುಕೊಂಡು ಆ ಸಾಲಿಗೇ ಉಪ್ಪಿನಕಾಯಿ ಬಡಿಸದೆ ಓಡಿಹೋದ. ಅವತ್ತು ನಾನೂ ಅದೇ ಸಾಲಿನಲ್ಲಿ ಕೂತಿದ್ದೆ. ಮೊಸರನ್ನಕ್ಕೆ ಉಪ್ಪು ನೆಕ್ಕಿಕೊಂಡು ಎದ್ದು ಬಂದೆ.

ಇಂಥವರ ಮನೆಗೆ ಒಂದು ಮೀನು ಬಂತು. ಬಂದದ್ದು ನಮ್ಮ ಅಜ್ಜಿಯ ದೆಸೆಯಿಂದ, ಎಂದರೆ ಮಾವನ ತಾಯಿಯಿಂದ. ಅಜ್ಜಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಹೊತ್ತು ಹೋಗಲೆಂದು ಟಿವಿ ಹಾಕಿಕೊಟ್ಟರೆ ಧಾರಾವಾಹಿಯ ಸೊಸೆಯರನ್ನೆಲ್ಲ ಬಾಯಿಗೆ ಬಂದಂತೆ ಬಯ್ದು ಬಿಪಿ ಏರಿಸಿಕೊಳ್ಳುತ್ತಿದ್ದರು. ಡಾಕ್ಟರು, "ಇವ್ರಿಗೆ ನೋಡೋಕೆ ಏನಾದ್ರೂ ತಣ್ಣಗಿರೋದು ತೋರ್ಸಿ" ಎಂದರು. ಮಾವ ಡಾಕ್ಟರ ಮಾತನ್ನು ಅಕ್ಷರಶಃ ಪಾಲಿಸುವವರು. ತಣ್ಣಗಿರುವುದು ಎಂದರೆ ನೀರು ತಾನೆ? ಗಾಜಿನ ತೊಟ್ಟಿಯೊಂದನ್ನು ತಂದು ಅಜ್ಜಿಯ ಮಂಚದ ಎದುರಿಗಿಟ್ಟು, ಅದರೊಳಗೆ ಕಿತ್ತಳೆ ಬಣ್ಣದ ಒಂದು ಗೋಲ್ಡ್ ಫಿಶ್ ಬಿಟ್ಟರು.

ನಮ್ಮದು ಭಾನುವಾರ ಮಾತ್ರ, ಅದೂ ಮಡಕೆಯಲ್ಲಿ ಮಾತ್ರ ಮೀನು ಕಂಡ ವಂಶ. ಅಜ್ಜಿ ಎರಡು ದಿನ ಅದನ್ನೇ ನೋಡಿದರು. ಮೂರನೆಯ ದಿನ ಮಗನನ್ನು ಹತ್ತಿರ ಕರೆದರು.

"ಲೇ, ಇದು ಎಷ್ಟು ದಪ್ಪ ಆದ್ಮೇಲೆ ಸಾರಿಗೆ?"

"ಅವ್ವಾ, ಇದು ತಿನ್ನೋ ಮೀನಲ್ಲ. ನೋಡೋ ಮೀನು."

"ನೋಡೋಕೂ ಒಂದು ಮೀನಾ? ಕಾಲ ಕೆಟ್ಟೋಯ್ತು ಬುಡು!"

ಹೀಗೆಂದ ಅಜ್ಜಿಯೇ ತಿಂಗಳೊಪ್ಪತ್ತಿನಲ್ಲಿ ಅದರ ಜೊತೆ ಮಾತಿಗಿಳಿದರು. ಹೊಟ್ಟೆ ಮುಂದೆ ಬಿಟ್ಟುಕೊಂಡು ಠೀವಿಯಿಂದ ಓಡಾಡುತ್ತದೆಂದು ಅದಕ್ಕೆ 'ಪಟೇಲ' ಎಂದು ಹೆಸರಿಟ್ಟರು. ಅದರ ಕಾಳು ಅಜ್ಜಿಯ ಕೈಯಿಂದಲೇ ಬೀಳಬೇಕು. ಬೆಳಗಿಂದ ಸಂಜೆಯವರೆಗೆ ಸೊಸೆಯ ಮೇಲಿನ ದೂರುಗಳನ್ನೆಲ್ಲ ಪಟೇಲನಿಗೆ ಒಪ್ಪಿಸುತ್ತಿದ್ದರು. ಅವನು ಬಾಯಿ ತೆರೆದು ಮುಚ್ಚಿ ಮಾಡುತ್ತ ಎಲ್ಲವನ್ನೂ ಕೇಳಿಸಿಕೊಂಡು ತೀರ್ಪು ಮಾತ್ರ ಕೊಡುತ್ತಿರಲಿಲ್ಲ. ಅತ್ತೆ ಇವತ್ತಿಗೂ ಹೇಳುತ್ತಾರೆ, "ಈ ಮನೇಲಿ ನನ್ನ ಪರವಾಗಿ ಸುಮ್ನಿದ್ದವನು ಅಂದ್ರೆ ಆ ಪಟೇಲ ಒಬ್ನೇ."

ಹೋದ ವರ್ಷ ಶ್ರಾವಣದಲ್ಲಿ ಅಜ್ಜಿ ತೀರಿಕೊಂಡರು. ಅವರ ಕಿವಿಯೋಲೆ ನಮ್ಮಮ್ಮನಿಗೆ ಬಂತು, ಹಿತ್ತಾಳೆಯ ಕೊಳಗ ಚಿಕ್ಕಮ್ಮನಿಗೆ ಹೋಯಿತು. ಮಾವನ ಪಾಲಿಗೆ ಪಟೇಲ ಉಳಿದ. "ಅವ್ವ ಕೈಯಾರೆ ಸಾಕಿದ್ ಜೀವ ಇದು. ಇದೊಂದು ಉಳೀಬೇಕು ಕಣಮ್ಮ, ನಂಗೆ ಇನ್ನೇನೂ ಬೇಡ" ಎಂದು ಮಾವ ನನ್ನೆದುರು ಕಣ್ಣೊರೆಸಿಕೊಂಡರು. ಚೀಟಿ ಅಂಟಿಸುವ ಮನುಷ್ಯ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಲ್ಲಿಂದ ಶುರುವಾಯಿತು ನೋಡಿ! ತಿಂಗಳು ಕಳೆಯುವುದರೊಳಗೆ ತೊಟ್ಟಿಯ ನೀರು ಹಳದಿಗೆ ತಿರುಗಿ ವಾಸನೆ ಹೊಡೆಯತೊಡಗಿತು. ಮಾವ ಗಾಬರಿಯಾಗಿ ಪೇಟೆಯ ಮೀನಿನ ಅಂಗಡಿಗೆ ಓಡಿದರು. ಅಂಗಡಿಯವರು ಆಕ್ಟಿವೇಟೆಡ್ ಕಾರ್ಬನ್ ಎಂಬ ಕಪ್ಪು ಹರಳಿನ ಪೊಟ್ಟಣ ಕೊಟ್ಟು, ತೊಳೆದು ಸಣ್ಣ ಚೀಲದಲ್ಲಿ ತುಂಬಿ ಫಿಲ್ಟರಿನೊಳಗೆ ಇಡಿ, ನೀರಿನ ಬಣ್ಣವನ್ನೂ ವಾಸನೆಯನ್ನೂ ಹೀರಿಕೊಳ್ಳುತ್ತದೆ ಎಂದರು. ಮಾವ ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕನ್ನಡಕ ಹಾಕಿಕೊಂಡು ನೋಡಿದರು. ಬಿಸಿಲಿಗೆ ಹಿಡಿದು ನೋಡಿದರು.

"ಇದರ ಎಕ್ಸ್‌ಪೈರಿ ಎಲ್ಲಿ?"

"ಅದಕ್ಕೆ ಎಕ್ಸ್‌ಪೈರಿ ಇಲ್ಲ ಯಜಮಾನ್ರೇ. ಇದ್ದಿಲು ಅದು. ಸೀಲ್ ಬಿಚ್ಚದೆ ಒಣಗಿರೋ ಕಡೆ ಇಟ್ರೆ ವರ್ಷಗಟ್ಲೆ ಏನೂ ಆಗಲ್ಲ."

"ಬಿಚ್ಚಿದ್ರೆ?"

"ಬಿಚ್ಚಿದ್ರೆ ಕಥೆ ಬೇರೆ. ಗಾಳೀಲಿರೋ ತೇವ, ವಾಸನೆ ಎಲ್ಲಾ ಕುಡಿಯೋಕೆ ಶುರು ಮಾಡ್ತದೆ. ಪೇಂಟು, ಫಿನಾಯಿಲು, ಊದಿನಕಡ್ಡಿ, ಏನು ಪಕ್ಕದಲ್ಲಿದ್ರೆ ಅದನ್ನೇ ತಿಂದು ಹೊಟ್ಟೆ ತುಂಬಿಸ್ಕೊಂಡ್ಬಿಡ್ತದೆ. ಆಮೇಲೆ ನೀರಿಗೆ ಹಾಕಿದ್ರೆ ಏನು ಕೆಲ್ಸ ಮಾಡ್ತದೆ? ಗಾಳಿ ಆಡದ ಡಬ್ಬೀಲಿ ಇಡಿ. ಫಿಲ್ಟರಿಗೆ ಹಾಕಿದ್ದನ್ನ ತಿಂಗಳಿಗೊಂದ್ ಸಲ ಬದ್ಲಾಯಿಸಿ. ಹಳೇದನ್ನ ಬಿಸಿಲಿಗೆ ಒಣಗಿಸಿ ಮತ್ತೆ ಹಾಕ್ಬೇಡಿ, ಪ್ರಯೋಜನ ಇಲ್ಲ."

ಮಾವನಿಗೆ ಗುರೂಪದೇಶ ಸಿಕ್ಕಿಬಿಟ್ಟಿತು! ಅವತ್ತೇ ನೆಲಮಂಗಲದಲ್ಲಿರುವ ನನಗೆ ಫೋನು ಬಂತು. "ನನ್ನ ಇಡೀ ಸರ್ವೀಸಲ್ಲಿ ಇಂಥಾ ಮಟೀರಿಯಲ್ ನೋಡಿರ್ಲಿಲ್ಲ ಕಣಮ್ಮ! ಸೀಲ್ ಇರೋವರ್ಗೂ ಸಾವೇ ಇಲ್ಲ. ಬಿಚ್ಚಿದ ಕ್ಷಣದಿಂದ ಆಯಸ್ಸು ಕರಗೋಕೆ ಶುರು!" ನಾನು ಒಲೆಯ ಮೇಲೆ ಹಾಲಿಟ್ಟಿದ್ದೆ. ಮಾವ ಹರಳಿನ ಮಹಿಮೆ ಮುಗಿಸುವ ಹೊತ್ತಿಗೆ ನನ್ನ ಹಾಲು ಒಲೆಯ ತುಂಬ ಹರಿದಿತ್ತು.

ಸರಿ, ಒಂದು ಚೀಲ ಫಿಲ್ಟರಿಗೆ ಹಾಕಿದ್ದಾಯಿತು, ಬಿಚ್ಚಿದ ಪೊಟ್ಟಣದಲ್ಲಿ ಉಳಿದದ್ದಕ್ಕೆ ಗಾಳಿಯಾಡದ ಡಬ್ಬಿ ಬೇಕಲ್ಲ. ಇಡೀ ಮನೆಯಲ್ಲಿ ಅತ್ಯಂತ ಬಿಗಿಯಾದ ಮುಚ್ಚಳ ಯಾವುದಕ್ಕಿತ್ತು ಹೇಳಿ ನೋಡೋಣ? ಸಾರಿನ ಪುಡಿಯ ಡಬ್ಬಿಗೆ! ಅದರಲ್ಲಿ ಅತ್ತೆ ವರ್ಷಕ್ಕಾಗುವಷ್ಟು ಪುಡಿ ಮಾಡಿ ತುಂಬಿಟ್ಟಿದ್ದರು. ಅತ್ತೆ ಸಂತೆಗೆ ಹೋದ ಹೊತ್ತು ನೋಡಿ ಮಾವ ಪುಡಿಯನ್ನು ಪಾತ್ರೆಗೆ ಸುರಿದು, ಡಬ್ಬಿಯನ್ನು ಒಣಬಟ್ಟೆಯಲ್ಲಿ ಒರೆಸಿ, ಹರಳನ್ನು ಅದಕ್ಕೆ ತುಂಬಿದರು. ಕಾರ್ಬನ್ನಿಗೆ ವಾಸನೆ ತೋರಿಸಬಾರದೆಂದು ಪಾಠ ಕಲಿತು ಬಂದವರು ಅದನ್ನು ಧನಿಯಾ, ಮೆಣಸಿನಕಾಯಿ, ಇಂಗಿನ ತವರಿನಲ್ಲೇ ಒಂದು ತಿಂಗಳು ಕೂಡಿಹಾಕಿದರು. ತಿಂಗಳು ತುಂಬಿದ ದಿನ ಶ್ರದ್ಧೆಯಿಂದ ಫಿಲ್ಟರಿಗೆ ತುಂಬಿ ಸ್ವಿಚ್ ಒತ್ತಿದರು. ಅರ್ಧ ಗಂಟೆಯಲ್ಲಿ ತೊಟ್ಟಿಯ ಮೇಲೆ ಕೆಂಪಗೆ ಎಣ್ಣೆ ಪಸೆ ತೇಲಿತು. ಮನೆಯೆಲ್ಲ ಘಮಘಮ. ಪಟೇಲ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದ.

ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೇಳಿದರು, "ಅತ್ತೆಮ್ಮ ಅವತ್ತು ಸಾರಿಗೆ ಯಾವಾಗ ಅಂತ ಕೇಳಿದ್ರಲ್ಲ, ಅದಕ್ಕೆ ಈಗ ಉತ್ರ ಕೊಡ್ತಾ ಇದೀರಾ?"

ನಕ್ಕುಬಿಡಬಹುದು, ಆದರೆ ಮಾವನ ಫೋನು ಬಂದಾಗ ನನಗೆ ನಗು ಬರಲಿಲ್ಲ. "ಪಟೇಲ ವಾಲ್ಕೊಂಡ್ಬಿಟ್ಟ ಕಣಮ್ಮ, ನಾನೇ ಸಾಯಿಸ್ಬಿಟ್ಟೆ" ಎಂದರು. ನಾನು ಕೈಲಿದ್ದ ಕೆಲಸ ಅಲ್ಲೇ ಬಿಟ್ಟು ಹೋದೆ. ತೊಟ್ಟಿಗೆಂದು ಎರಡು ದಿನದಿಂದ ಹಿಡಿದಿಟ್ಟಿದ್ದ ನೀರನ್ನು ಪ್ಲಾಸ್ಟಿಕ್ ಟಬ್ಬಿಗೆ ಹಾಕಿ, ಅದರೊಳಗೆ ಪಟೇಲನನ್ನು ಬಿಟ್ಟು, ಮಾವ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದರು. ಮಧ್ಯಾಹ್ನದ ಊಟವನ್ನೂ ಮಾಡಿರಲಿಲ್ಲ. "ಪಟೇಲಪ್ಪಾ, ಏಳಪ್ಪಾ, ಅವ್ವಂಗೆ ನಾನೇನು ಹೇಳ್ಲಿ?" ಎಂದು ಒಂದೇ ಸಮನೆ ಕೇಳುತ್ತಿದ್ದರು. ಸಂಜೆಯ ಹೊತ್ತಿಗೆ ಪಟೇಲ ನೆಟ್ಟಗಾಗಿ, ಹೊಟ್ಟೆ ಮುಂದೆ ಬಿಟ್ಟು, ಒಂದು ಸುತ್ತು ಹಾಕಿದ. ಮಾವ ಆಗ ಎದ್ದು ಮುದ್ದೆ ಉಂಡರು.

ಮಾರನೆಯ ದಿನವೇ ರಬ್ಬರಿನ ಸುತ್ತು, ಕೊಕ್ಕೆಯ ಮುಚ್ಚಳ ಇರುವ ಎರಡು ಹೊಸ ಡಬ್ಬಿ ಬಂದವು. ನೋಡಲು ಎರಡೂ ಒಂದೇ ಥರ. ಒಂದು ಕಾರ್ಬನ್ನಿಗೆ. "ಇನ್ನೊಂದು ಯಾತಕ್ಕೆ?" ಎಂದು ಅತ್ತೆ ಕೇಳಿದರೆ "ಸ್ಪೇರ್" ಎಂದಷ್ಟೇ ಹೇಳಿ ಮಾವ ಮಾತು ಮುಗಿಸಿದರು. ಮೊದಮೊದಲು ಕಾರ್ಬನ್ ಡಬ್ಬಿ ಒಳಗೇ ಇತ್ತು. ಅಡುಗೆಮನೆಯಲ್ಲಿ ಸಾಸಿವೆ ಚಟಪಟ ಎಂದರೆ ಸಾಕು, ಮಾವ ಆ ಡಬ್ಬಿಯನ್ನು ಎದೆಗವಚಿಕೊಂಡು ಬೀದಿಗೆ ಓಡುತ್ತಿದ್ದರು.

ಎದುರುಮನೆಯವರು ಕನಿಕರದಿಂದ, "ಏನ್ ಯಜಮಾನ್ರೇ, ಮನೇಲಿ ಜಗಳಾನಾ?" ಎಂದು ಕೇಳಿದರು.

"ಇಲ್ಲ, ಒಗ್ಗರಣೆ."

ಆಮೇಲೊಂದು ದಿನ ಡಬ್ಬಿಯನ್ನು ಶಾಶ್ವತವಾಗಿ ಹಿತ್ತಲಿನ ಮೋಟಾರ್ ರೂಮಿಗೆ ಸಾಗಿಸಿದರು. ಮನೆಯೊಳಗಿನ ವಾಸನೆ ಅದಕ್ಕೆ ತಾಗಬಾರದಲ್ಲ! ನಾವೆಲ್ಲ ಹಾಗೆಂದೇ ತಿಳಿದೆವು. ಮಾವನೂ ಹಾಗಲ್ಲ ಎಂದು ಹೇಳಲಿಲ್ಲ. ಬಂದ ನೆಂಟರಿಗೆಲ್ಲ ಮೋಟಾರ್ ರೂಮಿನ ಪ್ರವಾಸ ಕಡ್ಡಾಯ. ಆ ಪ್ರವಾಸದಲ್ಲಿ ರಾಜಘಟ್ಟದ ಕಥೆಯೂ ಸೇರಿಕೊಂಡಿತು. ಅಲ್ಲಿ ಹಿಂದೊಮ್ಮೆ ನೆಲ ಅಗೆದಾಗ ಪುಟಾಣಿ ಮಣ್ಣಿನ ಸ್ತೂಪಗಳು ಸಿಕ್ಕವಲ್ಲ, ಅವುಗಳ ಹೊಟ್ಟೆಯೊಳಗೆ ಅಕ್ಷರ ಒತ್ತಿದ ಮುದ್ರೆಗಳಿದ್ದವಲ್ಲ? ಬೇರೆಯವರು ಅದರಲ್ಲಿ ಬೌದ್ಧರ ಇತಿಹಾಸ ಕಂಡರೆ ನಮ್ಮ ಮಾವ ಕಂಡದ್ದೇ ಬೇರೆ. "ಎಷ್ಟು ಕಾಲ ಆಗಿದೆ ನೋಡಿ, ಒಂದು ಅಕ್ಷರ ಅಳಿಸಿಲ್ಲ. ಯಾಕೆ? ಗಾಳಿ ಆಡಿಲ್ಲ! ಸ್ಟೋರೇಜು ಅಂದ್ರೆ ಅದು!"

ಇನ್ನು ಬಾಡಿನ ಸಾರಿನ ಪ್ರಸಂಗ ಹೇಳದಿದ್ದರೆ ಅತ್ತೆಗೆ ಅನ್ಯಾಯವಾಗುತ್ತದೆ. ನಮ್ಮ ಕಡೆ ಬಾಡಿನ ಸಾರನ್ನು ಹೊರಗೆ ಒಯ್ಯುವಾಗ ಅದರ ಮೇಲೊಂದು ಇದ್ದಿಲ ಚೂರು ಇಡುವುದು ಪದ್ಧತಿ. ಇಲ್ಲದಿದ್ದರೆ ಸಾರಿನ ವಾಸನೆ ಹಿಡಿದು ಸತ್ತವರು ಹಿಂದೆ ಹಿಂದೆ ಬಂದುಬಿಡುತ್ತಾರೆ ಎಂದು ನಂಬಿಕೆ. ಇದ್ದಿಲಿದ್ದರೆ ಹತ್ತಿರ ಸುಳಿಯುವುದಿಲ್ಲ. ಈ ಗ್ಯಾಸ್ ಒಲೆಯ ಕಾಲದಲ್ಲಿ ಇದ್ದಿಲು ಎಲ್ಲಿಂದ ತರುವುದು? ಒಂದು ಭಾನುವಾರ ನನಗೆ ಕ್ಯಾರಿಯರಿನಲ್ಲಿ ಸಾರು ಕಟ್ಟಿಕೊಡುವಾಗ ಅತ್ತೆಗೆ ಮೋಟಾರ್ ರೂಮು ನೆನಪಾಯಿತು. ಮಸಾಲೆ ಮೆತ್ತಿದ ಕೈಯಲ್ಲೇ ಹೋಗಿ ಡಬ್ಬಿ ಬಿಚ್ಚಿ, ಒಂದು ಚಿಟಿಕೆ ಆಕ್ಟಿವೇಟೆಡ್ ಕಾರ್ಬನ್ ತಂದು ಸಾರಿನ ಮೇಲೆ ಉದುರಿಸಿದರು. ಮನೆಯಲ್ಲಿ ನನ್ನ ಗಂಡ ಒಂದು ತುತ್ತು ಅಗಿದು, ಕರಕರ ಸದ್ದು ಮಾಡಿ, "ಕಾಳುಮೆಣಸು ಯಾಕೋ ಸಪ್ಪೆ" ಎಂದರು.

ಅತ್ತ ಮಾವನ ಮನೆಯಲ್ಲಿ ಯುದ್ಧ ನಡೆದಿತ್ತು. "ಇದ್ದಿಲು ಇದ್ರೆ ಸತ್ತೋರು ಬರಲ್ಲ ಅಂತ ಯಾವ ಪುಸ್ತಕದಲ್ಲಿ ಬರ್ದಿದೆ ತೋರ್ಸು! ಎಲ್ಲಾ ಮೂಢನಂಬಿಕೆ!" ಎಂದು ಮಾವ ಕೂಗಾಡಿದರು.

"ಮೂವತ್ತು ವರ್ಷದಿಂದ ಇಡ್ತಾ ಇದೀನಿ. ಒಂದಾದ್ರೂ ದೆವ್ವ ಹಿಂದೆ ಬಂದಿದ್ಯಾ? ನೀವೇ ಹೇಳಿ!" ಎಂದರು ಅತ್ತೆ.

ಮಾವ ಹೋಗಿ ಡಬ್ಬಿಗೆ ಹೊಸ ಚೀಟಿ ಅಂಟಿಸಿ ಬಂದರು.

ಇಷ್ಟಾಗಿ ಈ ಸಲದ ಮಹಾಲಯ ಅಮಾವಾಸ್ಯೆ ಬಂತು. ಅಜ್ಜಿಯ ವರ್ಷದ ಕಾರ್ಯ ಮುಗಿದ ಮೇಲೆ ಅವರಿಗೆ ಇಡುತ್ತಿದ್ದ ಮೊದಲ ಎಡೆ. ಅಮ್ಮನಿಗೆ ಮಂಡಿನೋವು, ಹಾಗಾಗಿ ಅಮ್ಮನ ಪರವಾಗಿ ನಾನು ಬೆಳಿಗ್ಗೆಯೇ ಹೋಗಿದ್ದೆ. ಅತ್ತೆ ಅಡುಗೆಮನೆಯಲ್ಲಿ ಕಜ್ಜಾಯ ಸುಡುತ್ತಿದ್ದರು. ಮಾವ ಬಾಳೆಲೆ ತರಲು ಸ್ಕೂಟರಿನಲ್ಲಿ ಹೋಗಿದ್ದರು. ನಾನು ಪಟೇಲನನ್ನು ಮಾತಾಡಿಸಲು ಹೋಗಿ ನೋಡುತ್ತೇನೆ, ಫಿಲ್ಟರಿನಲ್ಲಿ ಕಾರ್ಬನ್ನಿನ ಚೀಲವೇ ಇಲ್ಲ! ತಿಂಗಳ ಲೆಕ್ಕ ತಪ್ಪದ ಮನುಷ್ಯ ಹಳೆಯದನ್ನು ತೆಗೆದು ಹೊಸದು ಹಾಕುವುದನ್ನು ಮರೆತರೇ? ಪಾಪ, ಅವ್ವನ ನೆನಪಿನಲ್ಲಿ ಮರೆತಿರಬೇಕು ಎಂದುಕೊಂಡೆ. ಸಾರಿನ ಪುಡಿಯ ದಿನ ಪಟೇಲ ವಾಲಿಕೊಂಡದ್ದು ಕಣ್ಣ ಮುಂದೆ ಬಂತು. ಅಜ್ಜಿಗೆ ಎಡೆ ಇಡುವ ದಿನವೇ ಅವನಿಗೆ ಏನಾದರೂ ಆದರೆ ಮಾವ ತಡೆದುಕೊಳ್ಳುತ್ತಾರೆಯೇ?

ಮೋಟಾರ್ ರೂಮಿಗೆ ಓಡಿದೆ. ಅಲ್ಲಿ ಡಬ್ಬಿಯೇ ಇರಲಿಲ್ಲ. ಮನೆಯೆಲ್ಲ ಹುಡುಕಿದೆ. ಕೊನೆಗೆ ಅಜ್ಜಿಯ ಕೋಣೆಯ ಬೀರು ತೆಗೆದರೆ, ಒಳಗೆ ಅದೇ ರಬ್ಬರ್ ಸುತ್ತಿನ, ಅದೇ ಕೊಕ್ಕೆಯ ಡಬ್ಬಿ. ಸುತ್ತಲೂ ಎರಡು ಸುತ್ತು ಟೇಪು ಬೇರೆ. ಎಲಾ ಮಾವ, ಅತ್ತೆಗೆ ಹೆದರಿ ಇಲ್ಲಿ ಬಚ್ಚಿಟ್ಟಿದ್ದಾರೆ ಎಂದು ನಗುತ್ತ ಟೇಪು ಕಿತ್ತು ಮುಚ್ಚಳ ತೆಗೆದೆ.

ಒಳಗೆ ಇದ್ದಿಲಿರಲಿಲ್ಲ. ಅಜ್ಜಿಯ ನೀಲಿ ನೂಲಿನ ಸೀರೆ ಮಡಿಸಿಟ್ಟಿತ್ತು. ಕೊನೆಯ ದಿನಗಳಲ್ಲಿ ಉಟ್ಟದ್ದು, ಒಗೆದಿರಲಿಲ್ಲ. ಮುಚ್ಚಳ ತೆಗೆದ ಕೂಡಲೇ ಹೊಗೆಸೊಪ್ಪು, ವೀಳ್ಯದೆಲೆ, ಹರಳೆಣ್ಣೆ, ಅದರ ಹಿಂದೆ ನಮ್ಮಜ್ಜಿಯೇ ಎದ್ದು ಬಂದು ಮುಖಕ್ಕೆ ಬಡಿದರು. ಡಬ್ಬಿಯ ಆಚೆ ಬದಿಯ ಚೀಟಿ ಆಮೇಲೆ ಕಂಡಿತು. 'ಅವ್ವ' ಎಂದು ಬರೆದಿತ್ತು. ಮುಚ್ಚಿದ ದಿನ ಇತ್ತು. ತೆರೆದ ದಿನದ ಮುಂದೆ ಖಾಲಿ. ಎಂದಿನವರೆಗೆ ಎಂಬುದರ ಮುಂದೆಯೂ ಖಾಲಿ.

ಬಾಗಿಲಲ್ಲಿ ಮಾವ ಬಾಳೆಲೆಯ ಸುರುಳಿ ಹಿಡಿದು ನಿಂತಿದ್ದರು. "ಗಾಳಿ ಆಡ್ತಾ ಇದೆ" ಎಂದು ಕೂಗಲಿಲ್ಲ. ಹತ್ತಿರ ಬಂದು ಸೀರೆಯ ಮೇಲೆ ಬಗ್ಗಿ, ಒಂದು ಸಲ ಉಸಿರೆಳೆದುಕೊಂಡರು.

"ಇದ್ಯಾ ಕಣಮ್ಮ? ನೋಡು ನೀನೂ."

"ಇದೆ ಮಾವ. ಹಂಗೇ ಇದೆ. ನಾನು ಗೊತ್ತಾಗ್ದೆ ಬಿಚ್ಬಿಟ್ಟೆ ಮಾವ, ತಪ್ಪಾಯ್ತು" ಎಂದು ನಾನು ಅಳತೊಡಗಿದೆ. "ಫಿಲ್ಟರಲ್ಲಿ ಕಾರ್ಬನ್ ಇರ್ಲಿಲ್ಲ, ಪಟೇಲಂಗೆ ಏನಾದ್ರೂ ಆಗ್ತದೇನೋ ಅಂತ..."

"ಒಂದಿನಕ್ಕೆ ಅವನಿಗೇನಾಗಲ್ಲ. ನಾನೇ ತೆಗ್ದಿದ್ದು. ಡಬ್ಬೀನೂ ಸ್ಕೂಟರ್ ಡಿಕ್ಕೀಲಿ ಹಾಕಿ, ಸ್ಕೂಟರನ್ನ ಬೀದಿ ಕೊನೇಲಿರೋ ಹೊಂಗೆ ಮರದ ಹತ್ರ ನಿಲ್ಸಿ ಬಂದೆ." ಮಾವ ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಇವತ್ತು ಅವ್ವ ಬರೋ ದಿನ. ಮನೇಲಿ ಇದ್ದಿಲು ಇದ್ರೆ ಬರ್ತಾಳಾ?"

ಅತ್ತೆ ಜಾಲರಿ ಸೌಟು ಹಿಡಿದು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಗೆದ್ದ ನಗೆ ನಗಬಹುದಿತ್ತು. ನಗಲಿಲ್ಲ. "ಒಳ್ಳೇ ಕೆಲ್ಸ ಮಾಡಿದ್ರಿ ಕಣ್ರೀ" ಎಂದರು.

ಮಾವ ಸೀರೆಯ ಅಂಚನ್ನು ಸವರುತ್ತ ಹೇಳಿದರು, "ಇದ್ದಿಲನ್ನ ಮೋಟಾರ್ ರೂಮಲ್ಲಿ ಯಾಕಿಟ್ಟೆ ಅಂದ್ಕೊಂಡ್ರಿ ಎಲ್ರೂ? ಒಗ್ಗರಣೆಗೆ ಹೆದ್ರಿ ಅಲ್ಲ. ಅದು ವಾಸನೆ ತಿನ್ನೋ ಜಾತಿ. ಒಳಗಿಟ್ರೆ ಇದನ್ನೂ ತಿಂದ್ಬಿಟ್ರೆ ನಾನು ಎಲ್ಲಿಂದ ತರ್ಲಿ?"

ಜೇಬಿನಿಂದ ಪೆನ್ನು ತೆಗೆದು ತೆರೆದ ದಿನದ ಮುಂದೆ 'ಮಹಾಲಯ ಅಮಾವಾಸ್ಯೆ' ಎಂದು ಬರೆದರು. ನಾನು ಮುಚ್ಚಳ ಹಾಕಲು ಹೋದೆ. ತಡೆದರು. ಡಬ್ಬಿಯನ್ನು ಹಾಗೇ ತಂದು ಎಡೆಯ ಪಕ್ಕದಲ್ಲಿಟ್ಟರು. ಎಲೆಯ ಮೇಲೆ ಮುದ್ದೆ, ಬಾಡಿನ ಸಾರು, ಕಜ್ಜಾಯ, ಒಂದು ತುಂಡು ಹೊಗೆಸೊಪ್ಪು. ಎದುರಿಗೆ ತೊಟ್ಟಿಯಲ್ಲಿ ಪಟೇಲ. ಸಾಂಬ್ರಾಣಿ ಹಚ್ಚಲು ಬಂದ ಅತ್ತೆಗೆ, "ಅದು ಆಮೇಲೆ. ಮೊದ್ಲು ಅವಳದೇ ವಾಸನೆ ಇರ್ಲಿ. ಅವ್ವಂಗೆ ಮನೆ ಗುರುತು ಸಿಗಬೇಕಲ್ಲ" ಎಂದರು.

ಹಿರಿಯರು ಉಣ್ಣಲೆಂದು ನಾವು ಎಂದಿನಂತೆ ಬಾಗಿಲು ಮುಚ್ಚಿಕೊಂಡು ಜಗಲಿಯ ಮೇಲೆ ಕೂತೆವು. ಮಾವ ಗಡಿಯಾರ ನೋಡಲೇ ಇಲ್ಲ. ಬಹಳ ಹೊತ್ತಾದ ಮೇಲೆ ಎದ್ದು, ತಮ್ಮದೇ ಮನೆಯ ಬಾಗಿಲನ್ನು ಮೆಲ್ಲಗೆ ಮೂರು ಸಲ ತಟ್ಟಿ, ಕಿವಿಗೊಟ್ಟು ನಿಂತರು.

"ಅವ್ವಾ, ಉಂಡಾಯ್ತಾ?" ಎಂದರು. "ಆಗಿಲ್ಲ ಅಂದ್ರೆ ನಿಧಾನಕ್ಕೆ ಉಣ್ಣು. ಮುಚ್ಚಳ ತೆಗ್ದೇ ಇಟ್ಟಿದೀನಿ."